ಬಾಂಬರ್ ವಿಮಾನದ ಕಿರುಪ್ರತಿಕೃತಿ: ಒಂದು ಹಸ್ತಕಲೆಯ ವಿಕಾಸ

ಪ್ಲಾಸ್ಟಿಕ್ ವಿಮಾನಗಳ ರಚನೆಯನ್ನು ಬಾಲಕರ ವಿನೋದವೆಂದು ಕಡೆಗಣಿಸುವವರುಂಟು. ಆದರೆ ಎರಡನೆಯ ಮಹಾಯುದ್ಧದ ಬಾಂಬರ್‌ಗಳ ಪ್ರತಿಕೃತಿಗಳು ನಡೆದುಬಂದ ದಾರಿಯನ್ನು ಪರಿಶೀಲಿಸಿದರೆ, ದೂರದಿಂದ ಕಂಡ ಬರಿಯ ಆಕಾರದಿಂದ ತೊಡಗಿ, ಲೋಹದ ಮೈಯ ರಿವೆಟ್ಟುಗಳನ್ನು ಹಾದು, ಕಡೆಗೆ ಒಳಗೆ ಕುಳಿತಿದ್ದ ಸೈನಿಕನ ಆಸನದವರೆಗೆ ಮನುಷ್ಯನ ದೃಷ್ಟಿ ಮೆಲ್ಲಮೆಲ್ಲನೆ ಒಳಹೊಕ್ಕ ಕಥೆಯೇ ಅದೆಂಬುದು ಮನದಟ್ಟಾಗುತ್ತದೆ.

1936ರಲ್ಲಿ ಇಂಗ್ಲೆಂಡಿನ ಫ್ರಾಗ್ ಸಂಸ್ಥೆಯು 'ಪೆಂಗ್ವಿನ್' ಎಂಬ ಹೆಸರಿನಿಂದ ಹೊರತಂದ ಪ್ಲಾಸ್ಟಿಕ್ ಕಿಟ್‌ಗಳು ಈ ಪರಂಪರೆಯ ಮೂಲ. ಅವು ಸೆಲ್ಯುಲೋಸ್ ಅಸಿಟೇಟಿನವಾದುದರಿಂದ ಕಾಲಕ್ರಮದಲ್ಲಿ ಸೊಟ್ಟಗಾಗುತ್ತಿದ್ದುವು. ಆದರೂ ಆರು ಅಡಿಗೆ ಒಂದು ಅಂಗುಲವೆಂಬ 1:72ರ ಪ್ರಮಾಣವು ಅವುಗಳಿಂದ ನೆಲೆಗೊಂಡಿತು. ಯುದ್ಧಕಾಲದಲ್ಲಿ ಈ ಪ್ರಮಾಣಕ್ಕೆ ಗಂಭೀರವಾದ ಪ್ರಯೋಜನವೊದಗಿತು: 1942ರಲ್ಲಿ ಅಮೆರಿಕದ ನೌಕಾಪಡೆಯು, ಶತ್ರುಮಿತ್ರ ವಿಮಾನಗಳನ್ನು ಗುರುತಿಸುವ ಶಿಕ್ಷಣಕ್ಕಾಗಿ 5,00,000 ಪ್ರತಿಕೃತಿಗಳನ್ನು ಮರದಲ್ಲಿ ಕೆತ್ತಿಕೊಡುವಂತೆ ಶಾಲಾಮಕ್ಕಳನ್ನು ಕೇಳಿಕೊಂಡಿತು. ಮೂವತ್ತೈದು ಅಡಿ ದೂರದಲ್ಲಿ ತೂಗಿಬಿಟ್ಟ ಅಂಥ ಪ್ರತಿಕೃತಿಯು ಸುಮಾರು ಅರ್ಧ ಮೈಲಿಯಾಚೆಯ ನಿಜವಿಮಾನದಷ್ಟೇ ತೋರುವುದು. ಆಗ ಬೇಕಾಗಿದ್ದುದು ಆಕಾರವೊಂದೇ.

ಯುದ್ಧಾನಂತರ ಪಾಲಿಸ್ಟೈರೀನ್ ಬಂದಿತು. ಬಿಸಿಮಾಡಿ ಉಕ್ಕಿನ ಅಚ್ಚಿನೊಳಗೆ ಒತ್ತಿ ತುಂಬಿದ ಈ ದ್ರವ್ಯವು ಕೂದಲೆಳೆಯಂಥ ಗೆರೆಯನ್ನೂ ಹಿಡಿದಿಡಬಲ್ಲುದು. ಮೊದಲು ಸ್ಪಿಟ್‌ಫೈರ್ ಯುದ್ಧವಿಮಾನದ ಕಿಟ್ಟನ್ನು ಅಗ್ಗದ ಬೆಲೆಗೆ ಮಾರಿದ ಏರ್‌ಫಿಕ್ಸ್ ಸಂಸ್ಥೆಯು 1958ರಲ್ಲಿ ನಾಲ್ಕು ಎಂಜಿನುಗಳ ಲ್ಯಾಂಕಾಸ್ಟರ್ ಬಾಂಬರನ್ನು ಹೊರತಂದಿತು. ಮೂವತ್ತೊಂದು ಮೀಟರು ರೆಕ್ಕೆಹರವಿನ ವಿಮಾನವು ನಲವತ್ತಮೂರು ಸೆಂಟಿಮೀಟರಿಗೆ ಇಳಿದು ಮೇಜಿನ ಮೇಲೆ ಕುಳಿತಿತು. ಆ ಕಾಲದ ಅಚ್ಚುಗಾರರಿಗೆ ರಿವೆಟ್ಟುಗಳಲ್ಲಿ ಅತಿಯಾದ ಮಮತೆ. ಅರ್ಧ ಮಿಲಿಮೀಟರಿನ ಒಂದು ಗುಬಟನ್ನು 72ರಿಂದ ಗುಣಿಸಿದರೆ 36 ಮಿಲಿಮೀಟರಾಗುವುದರಿಂದ, ನಿಜವಿಮಾನದ ಮೈಗೆಲ್ಲ ನಿಂಬೆಹಣ್ಣು ಅಂಟಿಸಿದಂತೆ ಆಗುತ್ತಿತ್ತು! ಅವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಲೋಹದ ತಗಡುಗಳ ಸಂದಿನ ಗೆರೆಗಳನ್ನು ಸೂಜಿಯಿಂದ ಹೊಸದಾಗಿ ಕೊರೆಯುವುದು ಹವ್ಯಾಸಿಗಳ ವಿದ್ಯೆಯೇ ಆಯಿತು.

ಮುಂದಿನ ತಿರುವು 1975ರದು. ಆ ವರ್ಷ ಜಪಾನಿನ ಟಮಿಯಾ ಲ್ಯಾಂಕಾಸ್ಟರನ್ನೂ, ಅಮೆರಿಕದ ಮೊನೊಗ್ರಾಂ ಬಿ-17ಜಿ ಬಾಂಬರನ್ನೂ 1:48ರ ಪ್ರಮಾಣದಲ್ಲಿ ಹೊರತಂದುವು. ಮರುವರ್ಷ ಮೊನೊಗ್ರಾಂನದೇ ಬಿ-24 ಲಿಬರೇಟರ್ ಬಂದಿತು. ಚಾಲಕನ ಕೋಣೆ, ಬಾಂಬುಗಳ ಒಡಲು, ಬಂದೂಕಿನವನ ತಾವು—ಎಲ್ಲವೂ ಕಿಟ್ಟಿನೊಳಗೆ ಸೇರಿದುವು. ಈ ಶತಮಾನದ 1:32ರ ಲ್ಯಾಂಕಾಸ್ಟರ್‌ಗಳಂತೂ ರೆಕ್ಕೆಹರವಿನಲ್ಲಿ ಮೀಟರಿಗೆ ಕೊಂಚವೇ ಕಡಿಮೆ.

ಅಚ್ಚು ಎಷ್ಟೇ ಮುಂದುವರಿದರೂ ಕೈಗೆಲಸವು ಕೈಯಲ್ಲಿಯೇ ಉಳಿದಿದೆ. ಲಿಬರೇಟರಿನ ಮೈಯ ಎರಡು ಹೋಳುಗಳನ್ನು ಕೂಡಿಸುವುದಕ್ಕೆ ಮುನ್ನ ಮೂತಿಯೊಳಗೆ ಸೀಸದ ಗುಂಡುಗಳನ್ನು ತುಂಬಬೇಕು. ಮುಂಗಾಲಿನ ಚಕ್ರವುಳ್ಳ ಆ ವಿಮಾನವು, ಮರೆತರೆ, ಬಾಲವೂರಿ ಕುಳಿತುಬಿಡುತ್ತದೆ. ಒಳಭಾಗಕ್ಕೆ ಆಗಲೇ ಬಣ್ಣ ಬಳಿಯಬೇಕು. ಅಂಟು ಪ್ಲಾಸ್ಟಿಕ್ಕಿನ ಅಂಚುಗಳನ್ನು ಕರಗಿಸಿ ಒಂದಾಗಿಸಿದ ಮೇಲೆ ಅದರ ಬಹುಭಾಗವು ಯಾರ ಕಣ್ಣಿಗೂ ಬೀಳದು. ಬೀಳದೆಂದು ತಿಳಿದೇ ಹವ್ಯಾಸಿಯು ಆಸನದ ಪಟ್ಟಿಗೆ ಒಂದೇ ಎಳೆಯ ಕುಂಚದಿಂದ ಬಣ್ಣವಿಡುತ್ತಾನೆ. ಬ್ರಿಟನ್ನಿನ ಬಾಂಬರ್ ಪಡೆಯೊಂದರಲ್ಲೇ 55,000ಕ್ಕೂ ಮಿಗಿಲಾದ ವೈಮಾನಿಕರು ಮಡಿದರೆಂಬುದನ್ನೂ, ಅವರ ಬಾಂಬುಗಳು ಬಿದ್ದ ಊರುಗಳನ್ನೂ ನೆನೆದರೆ, ಈ ಕಾಣದ ಶ್ರಮವು ವ್ಯರ್ಥವೆನ್ನಲಾಗದು.

ಇಂಥ ಜೋಡಣೆಯೊಂದು ನಮ್ಮ ನಾಡಿನಲ್ಲಿ ಪೂರ್ಣಪ್ರಮಾಣದಲ್ಲಿಯೇ ನಡೆದಿದೆ. ಯುದ್ಧ ಮುಗಿದ ಮೇಲೆ ಬಳಕೆಗೆ ಬಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟಿದ್ದ ಲಿಬರೇಟರುಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಸರಿಪಡಿಸಿ ಹಾರಿಸಿದರು. ಭಾರತೀಯ ವಾಯುಪಡೆಯಲ್ಲಿ ಅವು 1968ರವರೆಗೆ ಸೇವೆಸಲ್ಲಿಸಿದುವು. ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿ ಈಗಿರುವ ಲಿಬರೇಟರ್, 1974ರಲ್ಲಿ ಭಾರತದಿಂದ ಹೋದದ್ದು.