ಮಧೂರಿನಲ್ಲಿ ಕುಳಿತು ಹಳೆಯ ಭೂಕಂಪ ಹುಡುಕುವುದು

2025ರ ಫೆಬ್ರವರಿ 8ರಂದು ನಡುರಾತ್ರಿ ಕಳೆದು 1.35ರ ಹೊತ್ತಿಗೆ ನಮ್ಮ ಜಿಲ್ಲೆಯ ವೆಳ್ಳರಿಕುಂಡ್ ತಾಲೂಕಿನ ಮಲೆ ಭಾಗದಲ್ಲಿ ನೆಲ ಅಲುಗಿತು. ರಾಜಪುರ, ಪಾಣತ್ತೂರು ಕಡೆಯವರಿಗೆ ಸದ್ದೂ ಕೇಳಿಸಿತು. ಮಧೂರಿನ ನಮಗೆ ಅದು ಗೊತ್ತಾದದ್ದು ಬೆಳಿಗ್ಗೆ ಮೊಬೈಲ್ ನೋಡಿದ ಮೇಲೆ. ಉಳಿಯತ್ತಡ್ಕದ ಚಹಾದಂಗಡಿಯಲ್ಲಿ ಅವತ್ತು ಎಲ್ಲರ ಬಾಯಲ್ಲೂ ಒಂದೇ ಮಾತು: "ನಮ್ಮಲ್ಲಿ ಹಿಂದೆ ಇದೆಲ್ಲ ಇರಲಿಲ್ಲ." ಇರಲಿಲ್ಲವೋ, ಇದ್ದದ್ದನ್ನು ಯಾರೂ ಬರೆದಿಡಲಿಲ್ಲವೋ? ಅಂದಿನಿಂದ ನಾನು ಹುಡುಕುತ್ತಿರುವುದು ಇಷ್ಟನ್ನೇ.

ನೆರೆಗೆ ನಮ್ಮಲ್ಲಿ ಹೆಸರಿದೆ. 1924ರ ನೆರೆಯನ್ನು ಮಲಯಾಳಿಗಳು ಇಂದಿಗೂ ತೊಂಬತ್ತೊಂಬತ್ತರ ನೆರೆ ಎನ್ನುತ್ತಾರೆ, ಕೊಲ್ಲಂ ವರ್ಷ 1099 ಅದು. ಬಂಟ್ವಾಳ, ಪಾಣೆಮಂಗಳೂರು ಕಡೆಯ ಬ್ಯಾರಿ ಮನೆಗಳಲ್ಲಿ 1923ರ ಮತ್ತು 1974ರ ನೇತ್ರಾವತಿ ನೆರೆಯಿಂದ ಮದುವೆ, ಹುಟ್ಟಿನ ವರ್ಷ ಲೆಕ್ಕ ಹಾಕುವವರಿದ್ದರು. ಇಲ್ಲಿ ಮಧುವಾಹಿನಿ ಉಕ್ಕಿದರೆ ದೇವಸ್ಥಾನದ ಅಂಗಳಕ್ಕೇ ನೀರು ಬರುತ್ತದೆ, ಎಲ್ಲರೂ ನೋಡುತ್ತಾರೆ. ನಡುಕ ಹಾಗಲ್ಲ. ನಾಲ್ಕೈದು ಸೆಕೆಂಡು, ಪಾತ್ರೆಯ ಸದ್ದು, ಮುಗಿಯಿತು. ಗೋಡೆ ಬೀಳದಿದ್ದರೆ ಅದಕ್ಕೆ ಹೆಸರೂ ಇಲ್ಲ, ವರ್ಷವೂ ಇಲ್ಲ.

ಜೊತೆಗೆ ನಮ್ಮ ಊರು ಯಾವಾಗಲೂ ಯಾರದೋ ಕಡತದ ಕೊನೆಯ ಹಾಳೆ. ಬ್ರಿಟಿಷರ ಕಾಲದಲ್ಲಿ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತುದಿ. ಅದರಾಚೆ ಮಲಬಾರ್ ಜಿಲ್ಲೆ, ಅಲ್ಲಿಯ ಕಡತ ಬೇರೆ. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿಗೆ ಕೊಟ್ಟರು, ನಾವು ಮದ್ರಾಸಿನಲ್ಲಿ ಉಳಿದೆವು. 1956ರಲ್ಲಿ ಕೇರಳಕ್ಕೆ ಸೇರಿದೆವು, 1984ರಲ್ಲಿ ಸ್ವಂತ ಜಿಲ್ಲೆಯಾದೆವು. ಮಂಗಳೂರಿನಲ್ಲಿ ಕಂಪನವಾದರೆ ಮಂಗಳೂರಿನ ಸುದ್ದಿ, ಪಾಲಕ್ಕಾಡಿನಲ್ಲಾದರೆ ಪಾಲಕ್ಕಾಡಿನ ಸುದ್ದಿ. ಕಾಸರಗೋಡಿನಲ್ಲಿ ಪಾತ್ರೆ ಅಲುಗಿದ್ದನ್ನು ಬರೆಯುವ ಅಧಿಕಾರಿ ಎಲ್ಲಿದ್ದ? ಪತ್ರಿಕೆಯ ಕಥೆಯೂ ಅಷ್ಟೇ. ಬಳ್ಳಾರಿಯ ದೊಡ್ಡ ಭೂಕಂಪ ಆದದ್ದು 1843ರ ಏಪ್ರಿಲ್ 1ರ ಆಸುಪಾಸಿನಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು ಅದೇ ವರ್ಷ ಜುಲೈ 1ಕ್ಕೆ. ಮೂರು ತಿಂಗಳು ತಪ್ಪಿತು!

ಇದು ಬರೀ ಇತಿಹಾಸದ ಹವ್ಯಾಸ ಎಂದು ತಳ್ಳಿಹಾಕಬೇಡಿ. ಭೂಕಂಪ ವಲಯಗಳ ನಕ್ಷೆಗೆ ಮುಖ್ಯ ಆಧಾರವೇ ಹಿಂದೆ ಎಲ್ಲಿ ಎಷ್ಟು ನಡುಗಿತ್ತು ಎಂಬ ದಾಖಲೆ. ದಾಖಲೆ ಇಲ್ಲದ ಊರು ನಕ್ಷೆಯಲ್ಲಿ ಸುರಕ್ಷಿತ ಊರಾಗಿಬಿಡುತ್ತದೆ. ಮಹಾರಾಷ್ಟ್ರದ ಕಿಲ್ಲಾರಿ ಹಾಗೆ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಸುಮಾರು 10,000 ಮಂದಿ ತೀರಿಹೋದರು. ಕಂಪನದ ಪ್ರಮಾಣ 6.2ರಷ್ಟು. ಮಲಗಿದ್ದವರ ಮೇಲೆ ಬಿದ್ದದ್ದು ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ ಮತ್ತು ಭಾರದ ಮಾಡು. ಆಮೇಲೆ ಭೂವಿಜ್ಞಾನಿಗಳಾದ ಸಿ. ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ಅಲ್ಲಿಗೆ ಹತ್ತಿರದ ತೇರ್ ಎಂಬ ಪುರಾತನ ಪಟ್ಟಣದ ನೆಲವನ್ನು ಪರೀಕ್ಷಿಸಿ, ಹಳೆಯ ಇಟ್ಟಿಗೆ ಕಟ್ಟಡಗಳಲ್ಲಿ ಹಿಂದಿನ ಕಂಪನದ ಗುರುತು ಹುಡುಕಿದರು. ನೆಲ ಮರೆತಿರಲಿಲ್ಲ, ಜನ ಮರೆತಿದ್ದರು. 2002ರ ನಕ್ಷೆಯಲ್ಲಿ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ಅದೇ ನಕ್ಷೆಯಲ್ಲಿ ಕೇರಳ ಇಡೀ ಮತ್ತು ದಕ್ಷಿಣ ಕನ್ನಡ ಮೂರನೇ ವಲಯ, ಅಂದರೆ ಮಧ್ಯಮ ಅಪಾಯ.

ಹಾಗಾದರೆ ನಮ್ಮ ನಡುಕಗಳನ್ನು ಹುಡುಕುವುದು ಎಲ್ಲಿ? ಊರಿನ ಹೆಸರು ಹಿಡಿದು ಹೊರಟರೆ ಏನೂ ಸಿಗುವುದಿಲ್ಲ. ತಾರೀಕು ಹಿಡಿದು ಹೋಗಬೇಕು. ಅದರಲ್ಲಿ ನಮಗೆ, ಹಿಜರಿ ತಿಂಗಳು ಎಣಿಸುವವರಿಗೆ, ಒಂದು ಅನುಕೂಲವಿದೆ.

ದಕ್ಷಿಣ ತುದಿಯ ದೊಡ್ಡ ಭೂಕಂಪ 1900ರ ಫೆಬ್ರವರಿ 8ರ ನಸುಕಿನ ಕೊಯಮತ್ತೂರು ಭೂಕಂಪ. (ಕಳೆದ ವರ್ಷದ ನಮ್ಮ ನಡುಕಕ್ಕೆ ಸರಿಯಾಗಿ 125 ವರ್ಷ ಹಿಂದೆ, ಅದೇ ತಾರೀಕು. ಕಾಕತಾಳೀಯ ಅಷ್ಟೇ, ವಾಟ್ಸಾಪ್‌ನಲ್ಲಿ ಹರಡಬೇಡಿ.) ಅದರ ಕೇಂದ್ರ ನಮ್ಮಿಂದ ಸುಮಾರು 270 ಕಿ.ಮೀ. ದೂರ. ದಕ್ಷಿಣ ಭಾರತದ ಬಹುಭಾಗಕ್ಕೆ ಅದು ತಟ್ಟಿತ್ತು. ಬೊಂಬಾಯಿಯ ಕೊಲಾಬಾ, ಕಲ್ಕತ್ತಾದ ಅಲಿಪುರ, ಕೊಡೈಕನಾಲ್‌ಗಳಲ್ಲಿ ಕಂಪನಮಾಪಕ ಬಂದು ಒಂದೆರಡು ವರ್ಷವಾಗಿತ್ತಷ್ಟೆ. ಈಗ ಹಿಜರಿ ಲೆಕ್ಕ ಹಾಕಿ ನೋಡಿ: ಅದು 1317ರ ಶವ್ವಾಲ್ 7 ಅಥವಾ 8. ಚಿಕ್ಕ ಪೆರ್ನಾಲ್ ಕಳೆದು ಒಂದೇ ವಾರ. "ಪೆರ್ನಾಲ್ ಕಳೆದ ವಾರ ಭೂಮಿ ನಡುಗಿತ್ತಂತೆ" ಎಂಬ ಮಾತು ಯಾರ ಮನೆಯಲ್ಲಾದರೂ ಬಾಯಿಯಿಂದ ಬಾಯಿಗೆ ಬಂದಿದ್ದರೆ ಅದಕ್ಕೆ ವರ್ಷ ಕೊಡಬಹುದು.

ಎರಡನೆಯದು ಕೊಯ್ನಾ, 1967ರ ಡಿಸೆಂಬರ್ 11, ಬೆಳಗಿನ ಜಾವ 4.21. ಅಣೆಕಟ್ಟಿನ ನೀರು ತುಂಬಿದ ಮೇಲೆ ಆದ ಭೂಕಂಪ, ನೂರಾರು ಕಿ.ಮೀ. ದೂರದವರೆಗೂ ಅನುಭವಕ್ಕೆ ಬಂದದ್ದು. ನಮಗೂ ಅದಕ್ಕೂ ಸುಮಾರು 540 ಕಿ.ಮೀ. ಅಂತರ. ಅವತ್ತು 1387ರ ರಮಳಾನ್, ಎಂಟನೆಯದೋ ಒಂಬತ್ತನೆಯದೋ ನೋಂಬು. ಊರೆಲ್ಲ ಮಲಗಿರುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಉಮ್ಮಂದಿರು ಸಹರಿಗೆ ಎದ್ದು ಒಲೆ ಹಚ್ಚುವ ಸಮಯ! ಸಣ್ಣ ನಡುಕ ಗೊತ್ತಾಗುವುದು ಸುಮ್ಮನೆ ಕುಳಿತವರಿಗೆ, ಮಲಗಿ ಎಚ್ಚರ ಇರುವವರಿಗೆ. ನಡೆಯುವವರಿಗೆ, ಬಸ್ಸಿನಲ್ಲಿರುವವರಿಗೆ ಗೊತ್ತಾಗದು. ಹಾಗಾಗಿ ಕರಾವಳಿಯಲ್ಲಿ ಕೊಯ್ನಾದ ಸಾಕ್ಷಿ ಯಾರಾದರೂ ಇದ್ದರೆ ಅದು ನೋಂಬಿನ ಮನೆಗಳಲ್ಲೇ ಇರುವ ಸಂಭವ ಹೆಚ್ಚು.

ನಮ್ಮ ಓಣಿಯ ಹಿರಿಯ ಉಮ್ಮ ಒಬ್ಬರು ಆಗ ಹದಿನಾಲ್ಕರ ಹುಡುಗಿ. "ಕಪಾಟಿನ ಪಿಂಗಾಣಿ ತಾನಾಗಿ ಸದ್ದು ಮಾಡಿತ್ತು, ಬೆಕ್ಕು ಅಂದುಕೊಂಡೆವು" ಎಂದರು. ನನಗೆ ಆಸೆಯಾಯಿತು, ಆದರೂ ಇದನ್ನು ಸಾಕ್ಷಿ ಎಂದು ಬರೆದುಕೊಂಡಿಲ್ಲ. ಮರುದಿನ ರೇಡಿಯೋದ ಸುದ್ದಿ ಕೇಳಿದ ಮೇಲೆ ಬೆಕ್ಕು ಭೂಕಂಪವಾಗಿರಬಹುದು. ಇನ್ನೊಂದು ಮನೆಯಲ್ಲಿ, ಅವರ ಮಾತು ಕೇಳದ ಯಾರಾದರೂ ಅದೇ ನೋಂಬಿನ ದಿನ ಹೇಳಿದರೆ ಆಗ ಬೇರೆ ಮಾತು. ಕೇಳುವ ಕ್ರಮವೂ ಮುಖ್ಯ. "ಭೂಮಿ ಅಲುಗಿತ್ತಾ?" ಎಂದು ಕೇಳಿದರೆ ಹೌದು ಎನ್ನುವವರೇ ಹೆಚ್ಚು. "ಆ ವರ್ಷದ ನೋಂಬಿನಲ್ಲಿ ಏನಾದರೂ ವಿಶೇಷ ನೆನಪಿದೆಯಾ?" ಎಂದು ಕೇಳಿ ಸುಮ್ಮನಿರಬೇಕು.

ಸಮುದ್ರದ ದಾರಿಯನ್ನೂ ಬಿಡುವಂತಿಲ್ಲ. 1524ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಪಶ್ಚಿಮ ಕರಾವಳಿಯ ಹತ್ತಿರ ಗಾಳಿಯಿಲ್ಲದೆ ಕುಲುಕಾಡಿದ್ದನ್ನು ಪೋರ್ಚುಗೀಸರು ಬರೆದಿದ್ದಾರೆ, ಸಮುದ್ರ ತಮಗೆ ಹೆದರಿತು ಎಂದು ಜಂಬವನ್ನೂ ಸೇರಿಸಿ. 1945ರ ನವೆಂಬರ್ 28ರ ಮಕ್ರಾನ್ ಭೂಕಂಪದ ಸುನಾಮಿ ಬೊಂಬಾಯಿಯಲ್ಲಿ ಜೀವ ತೆಗೆಯಿತು, ಕಾರವಾರದವರೆಗೂ ಬಂತು. ನಮ್ಮವರು ಎಷ್ಟೋ ಮಂದಿ ಬೊಂಬಾಯಿಯಲ್ಲಿ ದುಡಿದವರು. ಅವರ ಕಾಗದ ಪತ್ರಗಳು ಯಾರದ್ದಾದರೂ ಟ್ರಂಕಿನಲ್ಲಿ ಉಳಿದಿರಲಿಕ್ಕೂ ಸಾಕು.

ಇನ್ನು ಸುಳ್ಳು ನಡುಕಗಳು. ನಮ್ಮ ಜಿಲ್ಲೆಯಲ್ಲಿ ಇವೇ ಜಾಸ್ತಿ. ಕಲ್ಲಿನ ಕೋರೆಯ ಮದ್ದು ಸಿಡಿದರೆ ಕಿಟಕಿ ನಡುಗುತ್ತದೆ. ಮಳೆಗಾಲದಲ್ಲಿ ಬಾವಿ ಕುಸಿದರೂ ಭೂಕಂಪ ಎನ್ನುತ್ತಾರೆ. ಮುರಕಲ್ಲಿನ ಅಡಿಯ ಮೆದು ಮಣ್ಣು ನೀರಿನ ಜೊತೆ ಕೊಚ್ಚಿಹೋಗಿ ಒಳಗೆ ಕೊಳವೆಯಂತೆ ಟೊಳ್ಳಾಗುವುದೂ ಇದೆ. ಕಿನಾನೂರು-ಕರಿಂದಳದ ನೆಲ್ಲಿಯಡ್ಕದಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದ್ದಾರೆ. ಬಾಯಾರು, ಎಣ್ಮಕಜೆ ಕಡೆ ಸುರಂಗ ತೋಡುವವರಿಗೆ ಯಾವ ಮಣ್ಣು ನಿಲ್ಲುತ್ತದೆ, ಯಾವುದು ಉದುರುತ್ತದೆ ಎಂಬುದು ಕೈಯಲ್ಲೇ ಗೊತ್ತು. ಅವರನ್ನು ಕೇಳದೆ ಕುಸಿತದ ಕಥೆ ಬರೆಯಬಾರದು. ನಿಜವಾದ ಕಂಪನ ಏಕಕಾಲಕ್ಕೆ ಹಲವು ಊರಿಗೆ ಗೊತ್ತಾಗುತ್ತದೆ. 2022ರ ಜೂನ್ 25ರಂದು ಕೊಡಗಿನ ಚೆಂಬು, ಸುಳ್ಯದ ಸಂಪಾಜೆ ಕಡೆ 2.3 ಪ್ರಮಾಣದ ಕಂಪನ, 28ರ ಬೆಳಿಗ್ಗೆ 7.45ಕ್ಕೆ 3.0. ಇವು ಯಂತ್ರದಲ್ಲಿ ದಾಖಲಾದವು, ಆದ್ದರಿಂದ ಜಗಳವಿಲ್ಲ. ನೂರು ವರ್ಷ ಹಿಂದೆ 3.0 ಪ್ರಮಾಣದ್ದು ಆಗಿದ್ದರೆ ನಮಗೆ ತಿಳಿಯುವ ದಾರಿಯೇ ಇರಲಿಲ್ಲ.

ಮಂಗಳೂರು ವಿಶ್ವವಿದ್ಯಾನಿಲಯದ ಕೆ. ಆರ್. ಸುಬ್ರಹ್ಮಣ್ಯ ಅವರು 1996ರಲ್ಲಿ, ಮೂಲ್ಕಿಯಿಂದ ಚೆನ್ನೈ ಬಡಗಿನ ಪುಲಿಕಾಟ್ ಸರೋವರದವರೆಗೆ ಒಂದು ರೇಖೆಯ ಉದ್ದಕ್ಕೂ ನೆಲ ನಿಧಾನಕ್ಕೆ ಮೇಲೇಳುತ್ತಿದೆ ಎಂದು ವಾದಿಸಿದರು. ಮೂಲ್ಕಿ ನಮಗೆ ದೂರವೇನಲ್ಲ. ನಮ್ಮ ಕಲ್ಲು ಹಳೆಯದು, ಗಟ್ಟಿ, ನಿಜ. ಸತ್ತ ಕಲ್ಲಲ್ಲ.

ಉಳಿದದ್ದು ಕಿತಾಬುಗಳು. ಹಳೆಯ ಮೌಲಿದ್ ಕಿತಾಬಿನ ಖಾಲಿ ಹಾಳೆಗಳಲ್ಲಿ ಹುಟ್ಟು, ಸಾವು, ಸಾಲ ಬರೆದಿಡುವ ಪದ್ಧತಿ ನಮ್ಮ ಮನೆಗಳಲ್ಲಿತ್ತು. ಅರಬಿ ಮಲಯಾಳಂ ಓದಲು ಬಾರದವರೂ ಒಂದು ಪದ ಹುಡುಕಬಹುದು: ಝಲ್ಝಲ. ಕುರ್‌ಆನ್‌ನ 99ನೇ ಸೂರಾದ ಹೆಸರು ಮದ್ರಸಕ್ಕೆ ಹೋದ ಮಕ್ಕಳಿಗೂ ಗೊತ್ತು. ಝಾಯ್, ಲಾಮ್, ಮತ್ತೆ ಝಾಯ್, ಲಾಮ್. ಕೈಬರಹ ಎಷ್ಟು ಕೆಟ್ಟಿದ್ದರೂ ಆ ಜೋಡಿ ಕಣ್ಣಿಗೆ ಬೀಳುತ್ತದೆ. ಭೂಮಿಕುಲುಕ್ಕಂ ಎಂದು ಬರೆದಿದ್ದರೆ ಮಾತ್ರ ಓದಬಲ್ಲ ಮುಸ್ಲಿಯಾರ್ ಬೇಕು. ನಾನು ಈವರೆಗೆ ಮೂರು ಕಿತಾಬು ನೋಡಿದ್ದೇನೆ. ಎರಡರಲ್ಲಿ ಹುಟ್ಟಿದ ದಿನಗಳು, ಒಂದರಲ್ಲಿ ಅಡಕೆ ಸಾಲದ ಲೆಕ್ಕ. ನಾಲ್ಕನೆಯದು ಮೊಗ್ರಾಲಿನ ಒಂದು ಮನೆಯಲ್ಲಿದೆಯಂತೆ, 1310ರಿಂದ 1325ರವರೆಗಿನ ಬರಹ. ಗೆದ್ದಲು ಹಿಡಿದಿದೆ, ಮಳೆ ಬಿಟ್ಟ ಮೇಲೆ ಬನ್ನಿ ಎಂದಿದ್ದಾರೆ.