ನಂಬಿಕೆಯಿಂದ ಪರೀಕ್ಷೆಗೆ: ಪರ್ಯಾಯ ಚಿಕಿತ್ಸೆಗಳ ಸುತ್ತಣ ಸಂದೇಹವಾದ ಬೆಳೆದು ಬಂದ ಬಗೆ

ವಿಜ್ಞಾನ ಮತ್ತು ಹುಸಿವಿಜ್ಞಾನಗಳ ನಡುವಣ ವಿವಾದವನ್ನು ಆಧುನಿಕರಿಗೂ ಸಂಪ್ರದಾಯಸ್ಥರಿಗೂ ನಡೆದಿರುವ ಜಗಳವೆಂದು, ಇಲ್ಲವೇ ಪಶ್ಚಿಮಕ್ಕೂ ಪೂರ್ವಕ್ಕೂ ಇರುವ ಹಗೆಯೆಂದು ಚಿತ್ರಿಸುವುದು ರೂಢಿಯಾಗಿದೆ. ಈ ವಿವಾದದ ಚರಿತ್ರೆ ಅಂಥ ಚಿತ್ರಣಕ್ಕೆ ಆಸ್ಪದ ಕೊಡುವುದಿಲ್ಲ. ಪುರಾವೆ ದೊರೆಯುವ ತನಕ ತೀರ್ಪನ್ನು ತಡೆಹಿಡಿಯಬೇಕೆನ್ನುವ ಸಂದೇಹವಾದ ವೈದ್ಯಕೀಯದಲ್ಲಿ ತಲೆಯೆತ್ತಿದ್ದು ಯುರೋಪಿನ ವಿದ್ವಾಂಸರು ಯುರೋಪಿನ ವೈದ್ಯರನ್ನೇ ಪ್ರಶ್ನಿಸಿದಾಗ. ಅದು ಬಲಿತದ್ದು ವಾಗ್ವಾದದ ಜಾಣ್ಮೆಗಿಂತ ಹೆಚ್ಚಾಗಿ ಪರೀಕ್ಷಿಸುವ ವಿಧಾನಗಳು ಒಂದೊಂದಾಗಿ ರೂಪುಗೊಂಡಿದ್ದರಿಂದ. ವಿಜ್ಞಾನದ ಉಡುಪನ್ನೂ ಪರಿಭಾಷೆಯನ್ನೂ ತೊಟ್ಟು, ಅದರ ಪರೀಕ್ಷೆಗಳಿಂದ ಮಾತ್ರ ವಿನಾಯಿತಿ ಕೇಳುವ ವಾದಕ್ಕೆ ಹುಸಿವಿಜ್ಞಾನ ಎಂಬ ಹೆಸರು ಸಲ್ಲುತ್ತದೆ. ಈ ಅಳತೆಯಲ್ಲಿ ನೋಡಿದಾಗ ಒಂದು ಚಿಕಿತ್ಸೆ ಎಷ್ಟು ಹಳೆಯದು, ಯಾವ ದೇಶದ್ದು ಎಂಬ ಪ್ರಶ್ನೆಗಳು ಹಿಂದೆ ಸರಿದು, ಅದು ಪರೀಕ್ಷೆಗೆ ಒಡ್ಡಿಕೊಂಡಿದೆಯೇ ಎಂಬ ಪ್ರಶ್ನೆ ಮುಂದೆ ಬರುತ್ತದೆ.

ವ್ಯವಸ್ಥಿತ ಪರೀಕ್ಷೆಯ ಮೊದಲ ದೊಡ್ಡ ನಿದರ್ಶನ 1784ರ ಪ್ಯಾರಿಸ್‌ನಲ್ಲಿ ಸಿಗುತ್ತದೆ. ಜೀವಿಗಳ ಮೈಯಲ್ಲಿ ಕಾಂತದಂಥ ಒಂದು ಅಗೋಚರ ದ್ರವ ಹರಿಯುತ್ತದೆ, ಅದರ ಹರಿವು ಕಟ್ಟಿದಾಗ ರೋಗ ಬರುತ್ತದೆ, ಪಳಗಿದ ಕೈ ಅದನ್ನು ಸರಿಪಡಿಸಬಲ್ಲದು ಎಂದು ಸಾರುತ್ತಿದ್ದ ಫ್ರಾಂಜ್ ಆಂಟನ್ ಮೆಸ್ಮರ್‌ನ ಪದ್ಧತಿ ಅಲ್ಲಿ ಭಾರಿ ಜನಪ್ರಿಯವಾಗಿತ್ತು. ಹದಿನಾರನೆಯ ಲೂಯಿ ನೇಮಿಸಿದ ಆಯೋಗದಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನವಿಜ್ಞಾನಿ ಲಾವಾಸಿಯೇ, ಖಗೋಳವಿಜ್ಞಾನಿ ಬಾಯಿ, ವೈದ್ಯ ಗಿಲೋಟಿನ್ ಮೊದಲಾದವರಿದ್ದರು. ಫ್ರಾಂಕ್ಲಿನ್ ವಾಸವಾಗಿದ್ದ ಪಾಸಿಯ ತೋಟದಲ್ಲಿ ಮೆಸ್ಮರ್‌ನ ಶಿಷ್ಯ ದೆಸ್ಲೋನ್ ಒಂದು ಏಪ್ರಿಕಾಟ್ ಮರಕ್ಕೆ ಕಾಂತಶಕ್ತಿ ತುಂಬಿದನು. ಆ ಶಕ್ತಿಗೆ ಬೇಗ ಸ್ಪಂದಿಸುವನೆಂದು ಆತನೇ ಆರಿಸಿ ಕರೆತಂದಿದ್ದ ಹನ್ನೆರಡು ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಶಕ್ತಿ ತುಂಬದ ಬೇರೆ ನಾಲ್ಕು ಮರಗಳ ಬಳಿಗೆ ಸಾಲಾಗಿ ಕರೆದೊಯ್ಯಲಾಯಿತು. ಮೊದಲ ಮರದ ಬಳಿ ಹುಡುಗ ಬೆವರಿ ಕೆಮ್ಮಿದನು, ಮುಂದಿನ ಮರಗಳ ಬಳಿ ತಲೆನೋವು ಏರುತ್ತಿದೆ ಎಂದನು, ನಾಲ್ಕನೆಯದನ್ನು ಮುಟ್ಟುವಷ್ಟರಲ್ಲಿ ಎಚ್ಚರ ತಪ್ಪಿ ಕುಸಿದನು. ಶಕ್ತಿ ತುಂಬಿದ್ದ ಮರ ಆಗಲೂ ಸುಮಾರು 24 ಅಡಿ ದೂರದಲ್ಲಿತ್ತು. ಹುಡುಗನ ನರಳಾಟ ನಟನೆಯೆಂದು ಆಯೋಗ ಹೇಳಲಿಲ್ಲ. ಕಾಂತವಿಲ್ಲದೆಯೂ ಕಲ್ಪನೆ ಒಂದರಿಂದಲೇ ಇಂಥ ಸೆಳವು ಉಂಟಾಗುತ್ತದೆ, ಕಲ್ಪನೆಯ ನೆರವಿಲ್ಲದ ಕಾಂತದಿಂದ ಏನೂ ಆಗುವುದಿಲ್ಲ ಎಂಬ ಅದರ ನಿರ್ಣಯ, ರೋಗಿಯ ಅನುಭವದ ನಿಜವನ್ನೂ ಚಿಕಿತ್ಸಕನ ವಿವರಣೆಯ ನಿಜವನ್ನೂ ಬೇರ್ಪಡಿಸಿತು. ಮುಂದಿನ ಎರಡು ಶತಮಾನಗಳ ಕೆಲಸವೆಲ್ಲ ನಿಂತಿರುವುದು ಈ ಬೇರ್ಪಡಿಕೆಯ ಮೇಲೆ.

ಹದಿನೈದು ವರ್ಷಗಳ ತರುವಾಯ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಜಾನ್ ಹೇಗಾರ್ತ್ ಎಂಬ ವೈದ್ಯ ಇದೇ ಉಪಾಯವನ್ನು ಇನ್ನಷ್ಟು ಸರಳಗೊಳಿಸಿದನು. ನೋವು ಹೀರುತ್ತವೆಂದು ದುಬಾರಿ ಬೆಲೆಗೆ ಮಾರಾಟವಾಗುತ್ತಿದ್ದ ಲೋಹದ ಕಡ್ಡಿಗಳಂತೆಯೇ ಕಾಣುವ ಮರದ ಕಡ್ಡಿಗಳನ್ನು ಆತ ಐವರು ರೋಗಿಗಳ ಮೇಲೆ ಎಳೆದಾಗ ನಾಲ್ವರು ತಮಗೆ ಗುಣವಾಯಿತೆಂದರು. ಔಷಧವೆಂಬ ನಂಬಿಕೆಯಿಂದ ಪಡೆದ, ಔಷಧಗುಣವಿಲ್ಲದ ವಸ್ತುವಿನಿಂದ ಕಾಣುವ ಇಂಥ ಸುಧಾರಣೆಗೆ ಮುಂದೆ ಪ್ಲಸೀಬೊ ಪರಿಣಾಮ ಎಂಬ ಹೆಸರು ಬಂದಿತು. ಇದೇ ಕಾಲದಲ್ಲಿ ಜರ್ಮನಿಯ ಸಾಮ್ಯುಯೆಲ್ ಹಾನೆಮಾನ್ ರೂಪಿಸಿದ ಹೋಮಿಯೋಪತಿ, ಔಷಧವನ್ನು ತೆಳುಗೊಳಿಸಿದಷ್ಟೂ ಅದರ ಶಕ್ತಿ ಹೆಚ್ಚುತ್ತದೆ ಎಂಬ ತತ್ತ್ವವನ್ನು ಮುಂದಿಟ್ಟಿತು. ನೂರರಲ್ಲಿ ಒಂದು ಪಾಲಿನಂತೆ ಮೂವತ್ತು ಬಾರಿ ತೆಳುಗೊಳಿಸಿದ ಔಷಧದಲ್ಲಿ ಮೂಲದ್ರವ್ಯದ ಪ್ರಮಾಣ ಒಂದರ ಮುಂದೆ ಅರವತ್ತು ಸೊನ್ನೆಗಳಷ್ಟು ಭಾಗಗಳಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಅಣುಗಳ ಎಣಿಕೆಯ ಪ್ರಕಾರ ಹನ್ನೆರಡನೆಯ ಹಂತ ದಾಟುವಾಗಲೇ ಅದರ ಒಂದು ಅಣುವೂ ಉಳಿಯುವ ಸಂಭವವಿಲ್ಲ. ಈ ಎಣಿಕೆ ಸಾಧ್ಯವಾಗುವ ಮೊದಲೇ, 1835ರಲ್ಲಿ, ನ್ಯೂರೆಂಬರ್ಗ್ ನಗರದ ನಾಗರಿಕರು ಮೂವತ್ತನೆಯ ಹಂತದ ಉಪ್ಪಿನ ದ್ರಾವಣವನ್ನೂ ಬರಿಯ ಹಿಮದ ನೀರನ್ನೂ ಸಂಖ್ಯೆ ಹಚ್ಚಿದ ಒಂದೇ ಬಗೆಯ ಸೀಸೆಗಳಲ್ಲಿ ತುಂಬಿ, ಯಾರ ಕೈಗೆ ಯಾವುದು ಹೋಯಿತೆಂಬುದು ಕೊಟ್ಟವರಿಗೂ ಪಡೆದವರಿಗೂ ತಿಳಿಯದಂತೆ ಹಂಚಿದರು. ವರದಿ ಒಪ್ಪಿಸಿದ ಐವತ್ತು ಮಂದಿಯಲ್ಲಿ ನಲವತ್ತೆರಡು ಮಂದಿಗೆ ಏನೂ ಅನಿಸಿರಲಿಲ್ಲ. ಏನೋ ಅನಿಸಿದ ಎಂಟು ಮಂದಿಯಲ್ಲಿ ಮೂವರು ಕುಡಿದದ್ದು ನೀರು. ಇಬ್ಬದಿಗೂ ಮರೆಮಾಚಿದ ಈ ವಿಧಾನ ಒಂದು ವೃತ್ತಪತ್ರಿಕೆಯ ಸಂಪಾದಕನ ಮುತುವರ್ಜಿಯಿಂದ ನಡೆಯಿತೆಂಬುದು ಗಮನಾರ್ಹವಾದ ಸಂಗತಿ.

ಅಂದಿನ ಅಧಿಕೃತ ವೈದ್ಯಕೀಯವೂ ಹೆಮ್ಮೆಪಡುವ ಸ್ಥಿತಿಯಲ್ಲಿರಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ರಕ್ತ ಹರಿಸುವುದು, ಪಾದರಸ ಕೊಡುವುದು ಮುಂತಾದ ಉಪಚಾರಗಳಿಗಿಂತ ಹೋಮಿಯೋಪತಿಯ ನಿರಪಾಯಕಾರಿ ಗುಳಿಗೆ ಎಷ್ಟೋ ರೋಗಿಗಳಿಗೆ ಲೇಸೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಪ್ಯಾರಿಸ್‌ನ ಪಿಯೆರ್ ಲೂಯಿ ಆಸ್ಪತ್ರೆಯ ರೋಗಿಗಳನ್ನು ಎಣಿಸಿ, ನ್ಯುಮೋನಿಯಾದಲ್ಲಿ ರಕ್ತ ಹರಿಸುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು 1835ರಲ್ಲಿ ತೋರಿಸಿದಾಗ ಸಂದೇಹದ ಅಲಗು ಅಧಿಕೃತ ವೈದ್ಯದ ಕಡೆಗೂ ತಿರುಗಿತು. ಈ ಧಾರೆ ಪಕ್ವಗೊಂಡದ್ದು 1948ರಲ್ಲಿ, ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಕೊಡುವ ಬ್ರಿಟಿಷ್ ಪ್ರಯೋಗದಲ್ಲಿ. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಯಾವ ರೋಗಿ ಯಾವ ಗುಂಪಿಗೆ ಎಂಬುದನ್ನು ವೈದ್ಯರ ಆಯ್ಕೆಗೆ ಬಿಡದೆ ಯಾದೃಚ್ಛಿಕ ಸಂಖ್ಯೆಗಳಿಗೆ ಒಪ್ಪಿಸಿದನು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ ನಾಲ್ವರೂ, ಹಾಸಿಗೆಯ ವಿಶ್ರಾಂತಿಯನ್ನಷ್ಟೇ ಪಡೆದ 52 ಮಂದಿಯಲ್ಲಿ ಹದಿನಾಲ್ವರೂ ತೀರಿಕೊಂಡರು. ಪರ್ಯಾಯ ಪದ್ಧತಿಗಳ ಮುಂದೆ ಇಂದು ಹಿಡಿಯಲಾಗುವ ಅಳತೆಗೋಲು ಮೊದಲು ರೂಪುಗೊಂಡದ್ದು ಹೀಗೆ, ಅಧಿಕೃತ ವೈದ್ಯ ತನ್ನನ್ನು ತಾನೇ ಅಳೆದುಕೊಂಡಾಗ.

ತತ್ತ್ವಜ್ಞಾನದ ಕಡೆಯ ಚರ್ಚೆ ಇಷ್ಟು ಫಲ ಕೊಡಲಿಲ್ಲ. ತಪ್ಪೆಂದು ತೋರಿಸಲು ಸಾಧ್ಯವಿರುವ ಹೇಳಿಕೆ ಮಾತ್ರ ವೈಜ್ಞಾನಿಕ ಎಂಬ ಕಾರ್ಲ್ ಪಾಪರ್‌ನ ಲಕ್ಷಣ ಪ್ರಸಿದ್ಧವಾಯಿತಾದರೂ, ವಿಜ್ಞಾನ ಮತ್ತು ಹುಸಿವಿಜ್ಞಾನಗಳ ನಡುವೆ ಒಂದೇ ಗೆರೆ ಎಳೆಯುವ ಯತ್ನವನ್ನೇ ಕೈಬಿಡಬೇಕೆಂದು ಲ್ಯಾರಿ ಲಾಡನ್ 1983ರಲ್ಲಿ ವಾದಿಸಿದನು. ಸಂಘಟಿತ ಸಂದೇಹವಾದದೊಳಗಿನ ಬಿರುಕು ಇದಕ್ಕಿಂತ ಬೋಧಪ್ರದ. ಅತೀಂದ್ರಿಯ ಹೇಳಿಕೆಗಳ ತನಿಖೆಗಾಗಿ ಅಮೆರಿಕದಲ್ಲಿ 1976ರಲ್ಲಿ ಪಾಲ್ ಕರ್ಟ್ಸ್ ಕಟ್ಟಿದ ಸಮಿತಿಯಿಂದ ಅದರ ಸಹ ಅಧ್ಯಕ್ಷನಾಗಿದ್ದ ಸಮಾಜಶಾಸ್ತ್ರಜ್ಞ ಮಾರ್ಚೆಲೊ ಟ್ರೂಜಿ ಬೇಗನೆ ಹೊರಬಂದನು. ತನಿಖೆಗೆ ಮೊದಲೇ ತೀರ್ಪು ಕೊಡುವುದು ಸಂದೇಹವಲ್ಲ, ಅಲ್ಲಗಳೆಯುವವನೂ ತನ್ನ ಮಾತಿಗೆ ಪುರಾವೆ ಕೊಡಬೇಕು ಎಂಬುದು ಆತನ ತಕರಾರಾಗಿತ್ತು. ಈ ತಕರಾರಿನಲ್ಲಿ ಹುರುಳಿದೆ.

1988ರ ಕ್ಲಾಮಾರ್ ಪ್ರಕರಣದ ಮಹತ್ವ ಇರುವುದು ಈ ಹಿನ್ನೆಲೆಯಲ್ಲಿಯೇ. ಒಂದು ಅಣುವೂ ಉಳಿಯದಷ್ಟು ತೆಳುಗೊಳಿಸಿದ ಪ್ರತಿಕಾಯದ ದ್ರಾವಣವೂ ಬಿಳಿ ರಕ್ತಕಣಗಳಲ್ಲಿ ಬದಲಾವಣೆ ತರುತ್ತದೆ ಎಂಬ ಜಾಕ್ ಬೆನ್‌ವೆನಿಸ್ತ್‌ನ ಲೇಖನವನ್ನು 'ನೇಚರ್' ಪತ್ರಿಕೆ ತಿರಸ್ಕರಿಸಲಿಲ್ಲ. ಪ್ರಯೋಗಾಲಯವನ್ನು ತಪಾಸಣೆಗೆ ತೆರೆದಿಡಬೇಕೆಂಬ ಷರತ್ತಿನ ಮೇಲೆ ಜೂನ್ 30ರಂದು ಪ್ರಕಟಿಸಿತು. ಸಂಪಾದಕ ಜಾನ್ ಮ್ಯಾಡಾಕ್ಸ್, ವಿಜ್ಞಾನದಲ್ಲಿನ ವಂಚನೆಗಳನ್ನು ಅಧ್ಯಯನ ಮಾಡುತ್ತಿದ್ದ ವಾಲ್ಟರ್ ಸ್ಟೂವರ್ಟ್ ಮತ್ತು ಜಾದೂಗಾರ ಜೇಮ್ಸ್ ರ್‍ಯಾಂಡಿ ಪ್ಯಾರಿಸ್ ಬಳಿಯ ಆ ಪ್ರಯೋಗಾಲಯಕ್ಕೆ ಹೋದರು. ಯಾವ ನಳಿಕೆಯಲ್ಲಿ ಏನಿದೆ ಎಂದು ತಿಳಿದು ಎಣಿಸಿದಾಗ ಪರಿಣಾಮ ಕಾಣುತ್ತಿತ್ತು. ಬಳಿಕ ನಳಿಕೆಗಳಿಗೆ ಗುಪ್ತಸಂಖ್ಯೆ ಹಚ್ಚಿ, ಅದರ ಕೀಲಿಯನ್ನು ಲೋಹದ ಹಾಳೆಯಲ್ಲಿ ಸುತ್ತಿ, ಲಕೋಟೆಯಲ್ಲಿ ಮೊಹರು ಮಾಡಿ, ಎಲ್ಲರ ಕಣ್ಣೆದುರೇ ಕೋಣೆಯ ಚಾವಣಿಗೆ ಅಂಟಿಸಲಾಯಿತು; ಆಗ ನಡೆದ ಎಣಿಕೆಯಲ್ಲಿ ಪರಿಣಾಮ ಮಾಯವಾಗಿತ್ತು. ಸೂಕ್ಷ್ಮದರ್ಶಕದ ಕೆಳಗೆ ಕಣಗಳನ್ನು ಎಣಿಸುತ್ತಿದ್ದವರು ಮೋಸಗಾರರಾಗಿರಬೇಕಾಗಿರಲಿಲ್ಲ. ಅನುಮಾನಾಸ್ಪದ ಕಣವನ್ನು ಎತ್ತ ಸೇರಿಸುವುದೆಂಬ ಪ್ರತಿ ಸಣ್ಣ ನಿರ್ಧಾರದಲ್ಲಿ ಅವರ ನಿರೀಕ್ಷೆ ತಿಳಿಯದಂತೆ ಕೈ ಆಡಿಸಿದ್ದರೆ ಅಷ್ಟೇ ಸಾಕು.

ಎಲ್ಲ ಪ್ರಕರಣಗಳೂ ಇಷ್ಟು ಸಲೀಸಾಗಿ ಬಗೆಹರಿದಿಲ್ಲ. ದೀರ್ಘಕಾಲದ ಸೊಂಟನೋವಿರುವ 1,162 ಮಂದಿಯ ಮೇಲೆ ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಆಕ್ಯುಪಂಕ್ಚರ್ ಪ್ರಯೋಗ ಇದಕ್ಕೆ ಉದಾಹರಣೆ. ಚೀನೀ ಪದ್ಧತಿ ಹೇಳುವ ಬಿಂದುಗಳಲ್ಲಿ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇಕಡಾ 47.6, ಬಿಂದುಗಳಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇಕಡಾ 44.2, ರೂಢಿಯ ಔಷಧ ಮತ್ತು ವ್ಯಾಯಾಮ ಪಡೆದವರಲ್ಲಿ ಶೇಕಡಾ 27.4 ಮಂದಿಗೆ ಆರು ತಿಂಗಳ ಬಳಿಕ ಸುಧಾರಣೆ ಕಂಡಿತು. ಆಕ್ಯುಪಂಕ್ಚರ್ ಗೆದ್ದಿತೆಂದು ಬೆಂಬಲಿಗರು ಹೇಳಿದರು; ಬಿಂದುಗಳ ಸಿದ್ಧಾಂತ ಸೋತಿತೆಂದು ವಿಮರ್ಶಕರು ಹೇಳಿದರು. ಎರಡನೆಯ ಮಾತು ಅಂಕಿಗಳಿಂದ ನೇರವಾಗಿ ಹೊರಡುತ್ತದೆ. ಆದರೂ ರೂಢಿಯ ಚಿಕಿತ್ಸೆ ಇಷ್ಟೊಂದು ಹಿಂದೆ ಬಿದ್ದದ್ದೇಕೆ, ರೋಗಿಯ ಬಳಿ ಕುಳಿತು ಕಳೆದ ಹೊತ್ತಿಗೂ ಮುಟ್ಟಿದ ಕೈಗೂ ಇದರಲ್ಲಿ ಎಷ್ಟು ಪಾಲಿದೆ ಎಂಬ ಪ್ರಶ್ನೆಯನ್ನು ಆಧುನಿಕ ಆಸ್ಪತ್ರೆಗಳು ಕಡೆಗಣಿಸುವಂತಿಲ್ಲ.

ಭಾರತದಲ್ಲಿ ಈ ಕಥೆ ಇನ್ನೂ ತೊಡಕಿನದು. ಕಲ್ಕತ್ತೆಯ ಪ್ರತಿಷ್ಠಿತ ವೈದ್ಯ ಮಹೇಂದ್ರಲಾಲ್ ಸರ್ಕಾರ್ ಮೊದಲು ಹೋಮಿಯೋಪತಿಯನ್ನು ಬಹಿರಂಗವಾಗಿ ಖಂಡಿಸಿದ್ದವರು; ಬಳಿಕ ಆ ಪದ್ಧತಿಯಲ್ಲಿ ರೋಗಿಗಳು ಗುಣವಾಗುವುದನ್ನು ಕಣ್ಣಾರೆ ಕಂಡು 1867ರಲ್ಲಿ ಅದರ ಪಕ್ಷ ವಹಿಸಿ, ವೃತ್ತಿಬಾಂಧವರಿಂದ ಬಹಿಷ್ಕೃತರಾದರು. ಅವರೇ 1876ರಲ್ಲಿ ಸ್ಥಾಪಿಸಿದ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದರು. ಹೋಲಿಕೆಯ ಗುಂಪಿಲ್ಲದೆ ನೋಡುವ ಕಣ್ಣು ಎಂಥ ಪ್ರಾಮಾಣಿಕನನ್ನೂ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಇದಕ್ಕೆ ಎದುರಾಗಿ ನಿಲ್ಲುವುದು ಸರ್ಪಗಂಧದ ಇತಿಹಾಸ. ಉನ್ಮಾದಕ್ಕೂ ನಿದ್ರಾಹೀನತೆಗೂ ನಾಟಿ ವೈದ್ಯರು ಬಳಸುತ್ತಿದ್ದ ಈ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ವರದಿ ಮಾಡಿದರು. ಮುಂಬೈಯ ರುಸ್ತಮ್ ಜಾಲ್ ವಕೀಲ್ 50 ರೋಗಿಗಳ ವಿವರವನ್ನು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಲಾಯಿತು. ಪರೀಕ್ಷೆ ಅದರ ಗುಣವನ್ನು ಸ್ಥಾಪಿಸಿದಂತೆಯೇ, ಕೆಲವರಲ್ಲಿ ಖಿನ್ನತೆ ಉಂಟಾಗುತ್ತದೆಂಬ ವರದಿಗಳನ್ನೂ ಹೊರತಂದಿತು. ನಾಲ್ಕನೆಯ ಶತಮಾನದ ಚೀನೀ ಗ್ರಂಥದ ಸುಳಿವನ್ನು ಹಿಡಿದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದ ತೂ ಯೌಯೌಗೆ 2015ರಲ್ಲಿ ನೊಬೆಲ್ ದೊರೆತದ್ದೂ ಗ್ರಂಥದ ಪ್ರಾಚೀನತೆಗಲ್ಲ, ಸತ್ವವನ್ನು ಕಡಿಮೆ ಉಷ್ಣತೆಯಲ್ಲಿ ತೆಗೆದು ಪರೀಕ್ಷಿಸಿ ತೋರಿಸಿದ್ದಕ್ಕೆ.

ಕರ್ನಾಟಕದಲ್ಲಿ ಈ ಪರಂಪರೆಗೆ ಗಟ್ಟಿ ನೆಲೆ ಒದಗಿಸಿದವರು ಭೌತವಿಜ್ಞಾನಿಯೂ ಗಾಂಧಿವಾದಿಯೂ ಆಗಿದ್ದ ಎಚ್. ನರಸಿಂಹಯ್ಯನವರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದ ಅವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಪರಿಶೀಲಿಸಲು ಬರುವ ಇತರ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿಯನ್ನು ರಚಿಸಿ, ಪವಾಡಗಳಿಗೆ ಹೆಸರಾಗಿದ್ದ ಸತ್ಯಸಾಯಿಬಾಬಾ ಅವರಿಗೆ ಪರೀಕ್ಷೆಗೆ ಒಪ್ಪಬೇಕೆಂದು ಪತ್ರ ಬರೆದರು, ಒಪ್ಪಿಗೆ ಬರಲಿಲ್ಲ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯವೆಂಬ 51ಎ ವಿಧಿ ಸಂವಿಧಾನದಲ್ಲಿ ಸೇರಿದ್ದೂ ಅದೇ ವರ್ಷ. ಅದಕ್ಕೆ ಎರಡು ವರ್ಷ ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಭರದ್ವಾಜ ಮಹರ್ಷಿಯದೆಂದು ಹೇಳಲಾಗುವ 'ವೈಮಾನಿಕ ಶಾಸ್ತ್ರ'ವನ್ನು ಅದರ ಭಾಷೆ, ಚಿತ್ರಗಳು ಮತ್ತು ಹಾರಾಟದ ನಿಯಮಗಳ ದೃಷ್ಟಿಯಿಂದ ಪರಿಶೀಲಿಸಿ, ಅದು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ರಚಿತವಾದದ್ದು, ಅದರಲ್ಲಿನ ವಿಮಾನಗಳು ಹಾರಲಾರವು ಎಂದು ತೋರಿಸಿದ್ದರು. ಪ್ರಾಚೀನರ ಬಗೆಗೆ ಗೌರವವಿರುವವರು ಮಾಡಬೇಕಾದ ಕೆಲಸವೇ ಅದು. ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ್ಯವನ್ನು ಪಠ್ಯವಾಗಿಸುವ ತೀರ್ಮಾನ 2001ರಲ್ಲಿ ಬಂದ ಬಳಿಕ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ನಡೆಸಿದ ಪರೀಕ್ಷೆಯೂ ಇದೇ ಜಾತಿಯದು: ಪ್ರತಿಭಾವಂತ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೇರ್ಪಡಿಸಲು ಒಪ್ಪಿ ಉತ್ತರ ಕೊಟ್ಟ 27 ಜ್ಯೋತಿಷಿಗಳ ಊಹೆ ಸರಾಸರಿ ಶೇಕಡಾ 46ರಷ್ಟು ಸರಿಯಾಗಿತ್ತು, ನಾಣ್ಯ ಚಿಮ್ಮಿದ್ದರೆ 50 ಸಿಗುತ್ತಿತ್ತು. ಈ ಕೆಲಸಕ್ಕೆ ನೆರವಾದ ನರೇಂದ್ರ ದಾಭೋಳ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು.

ಈಚಿನ ಎರಡು ದಶಕಗಳಲ್ಲಿ ಅಳತೆಗೋಲು ಮತ್ತೆ ವಿಜ್ಞಾನದತ್ತಲೇ ತಿರುಗಿದೆ. ಪ್ರಕಟವಾದ ಸಂಶೋಧನೆಗಳಲ್ಲಿ ಬಹುಪಾಲು ತಪ್ಪಿರಬಹುದೆಂದು ಜಾನ್ ಅಯೊನಿಡಿಸ್ 2005ರಲ್ಲಿ ವಾದಿಸಿದನು. ಭವಿಷ್ಯವನ್ನು ಮುಂಚೆಯೇ ಗ್ರಹಿಸಬಹುದೆಂಬ ಡ್ಯಾರಿಲ್ ಬೆಮ್‌ನ 2011ರ ಲೇಖನ ಒಪ್ಪಿತ ವಿಧಾನಗಳನ್ನೇ ಬಳಸಿದ್ದರಿಂದ, ಮನೋವಿಜ್ಞಾನ ತನ್ನ ವಿಧಾನಗಳನ್ನೇ ಶೋಧಿಸಿಕೊಳ್ಳಬೇಕಾಯಿತು. ಪರ್ಯಾಯ ಪದ್ಧತಿಗಳು ಇಂಥ ಆತ್ಮಪರೀಕ್ಷೆಗೆ ಇನ್ನೂ ಸಿದ್ಧವಾಗಿಲ್ಲ. ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಗಳಲ್ಲಿ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಇದೆಯೆಂದು 2004ರಲ್ಲಿ ವರದಿಯಾದಾಗ ಬೇಕಾಗಿದ್ದದ್ದು ಪ್ರತಿ ಸೀಸೆಯ ತಪಾಸಣೆ. ಹೆಚ್ಚಾಗಿ ಕೇಳಿಬಂದದ್ದು ಪರಂಪರೆಗೆ ಅವಮಾನವಾಯಿತೆಂಬ ದೂರು. ಕೇಂದ್ರದಲ್ಲಿ 2014ರಿಂದ ಆಯುಷ್‌ಗೆ ಪ್ರತ್ಯೇಕ ಸಚಿವಾಲಯವೇ ಇದೆ. ಅದರ ಅನುದಾನದಲ್ಲಿ ದೊಡ್ಡ ಪಾಲು ಮರೆಮಾಚಿದ, ಯಾದೃಚ್ಛಿಕವಾಗಿ ವಿಂಗಡಿಸಿದ ಪ್ರಯೋಗಗಳಿಗೆ ಹೋಗುವುದು ಆಯುರ್ವೇದಕ್ಕೇ ಶ್ರೇಯಸ್ಕರ. ಅಲ್ಲಿಯ ತನಕ ಓದುಗರ ರಕ್ಷಣೆಗೆ ಒಂದು ಹಳೆಯ ಕಾನೂನಾದರೂ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗ, ಪಾರ್ಶ್ವವಾಯು ಮೊದಲಾದವನ್ನು ಗುಣಪಡಿಸುವುದಾಗಿ ಸಾರುವ ಔಷಧ ಜಾಹೀರಾತುಗಳು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಜಾಹೀರಾತು ಕಂಡವರು ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಬೇಕು. ಅದನ್ನು ನಂಬಿ ಯಾರೂ ತಮ್ಮ ಇನ್ಸುಲಿನ್ ನಿಲ್ಲಿಸಬಾರದು.