ಮಧ್ಯಜ್ಞಾನ ವಿವಾದ

ದೇವರ ಕೃಪೆ ಮತ್ತು ಮನುಷ್ಯನ ಸ್ವತಂತ್ರ ಇಚ್ಛೆ ಇವುಗಳ ಸಂಬಂಧ ಕುರಿತು 16ನೆಯ ಶತಮಾನದ ಕೊನೆಗೆ ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ಎದ್ದು, 1607ರಲ್ಲಿ ರೋಮಿನಲ್ಲಿ ತೀರ್ಪಿಲ್ಲದೆ ನಿಂತ ಕ್ಯಾಥೊಲಿಕ್ ದೇವಶಾಸ್ತ್ರದ ವಾಗ್ವಾದ. ಯಾರು ಉದ್ಧಾರವಾಗುತ್ತಾರೆಂದು ಸರ್ವಜ್ಞನಾದ ದೇವರಿಗೆ ಮೊದಲೇ ಗೊತ್ತಿದ್ದರೆ ಮನುಷ್ಯನ ಆಯ್ಕೆಗೆ ಬೆಲೆಯೇನು ಎಂಬುದು ಇದರ ತಿರುಳು.

ಪ್ರಶ್ನೆ ಹಳೆಯದು. ಸ್ವಪ್ರಯತ್ನದಿಂದಲೇ ಮನುಷ್ಯ ಪಾಪವನ್ನು ಗೆಲ್ಲಬಲ್ಲನೆಂದ ಪೆಲಾಜಿಯಸ್‌ನನ್ನು ಹಿಪ್ಪೋದ ಬಿಷಪ್ ಅಗಸ್ಟೀನ್ ಕಟುವಾಗಿ ಖಂಡಿಸಿದ. 418ರ ಕಾರ್ಥೇಜ್ ಸಭೆ ಅಗಸ್ಟೀನನ ಪಕ್ಷ ಹಿಡಿಯಿತು. ಸುಮಾರು ನೂರು ವರ್ಷದ ಬಳಿಕ, ಸೆರೆಯಲ್ಲಿದ್ದ ತತ್ತ್ವಜ್ಞಾನಿ ಬೊಯೀಥಿಯಸ್ ಇನ್ನೊಂದು ದಾರಿ ಸೂಚಿಸಿದ. ದೇವರು ಕಾಲದ ಹೊರಗಿದ್ದಾನೆ, ಆತನಿಗೆ ಎಲ್ಲವೂ ವರ್ತಮಾನ. ಒಬ್ಬ ನಡೆಯುವುದನ್ನು ಕಂಡ ಮಾತ್ರಕ್ಕೆ ಕಂಡವರು ಅವನನ್ನು ನಡೆಸಿದಂತಾಗದು. ಸೊಗಸಾದ ಉತ್ತರವೇ. ಆದರೆ ಕ್ರೈಸ್ತರ ದೇವರು ಬರಿಯ ನೋಟಕನಲ್ಲ, ಕೃಪೆ ಕೊಡುವವನೂ ಹೌದು. ಆ ಭಾಗಕ್ಕೆ ಇದರಲ್ಲಿ ಸಮಾಧಾನ ಸಿಗದು. ಪ್ರಾಟೆಸ್ಟಂಟ್ ಸುಧಾರಕರಾದ ಲೂಥರ್, ಕ್ಯಾಲ್ವಿನ್‌ರು ಕೃಪೆಯ ಕಡೆಗೇ ವಾಲಿದಾಗ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಕೃಪೆಯೂ ಬೇಕು, ಇಚ್ಛೆಯ ಸಮ್ಮತಿಯೂ ಬೇಕು ಎಂದು ಸಾರಿತು. ಎರಡೂ ಹೇಗೆ ಕೂಡುತ್ತವೆಂದು ಬಿಡಿಸಿ ಹೇಳಲಿಲ್ಲ.

ಆ ಕೆಲಸಕ್ಕೆ ಕೈಹಾಕಿದವನು ಲೂಯಿಸ್ ದ ಮೊಲಿನಾ (1535–1600). ಎವೊರಾದಲ್ಲಿ ಪಾಠ ಹೇಳಿದ್ದ ಈ ಜೆಸುಯಿಟ್ ಪಾದ್ರಿಯ ‘ಕೊಂಕಾರ್ಡಿಯಾ’ ಎಂಬ ಗ್ರಂಥ 1588ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಏನೇನು ಸಾಧ್ಯ ಎಂಬ ಅರಿವು, ಏನು ನಿಜವಾಗಿ ನಡೆಯುತ್ತದೆ ಎಂಬ ಅರಿವು ಇವೆರಡರ ನಡುವೆ ದೇವರಿಗೆ ಮೂರನೆಯದೊಂದಿದೆ ಎಂದು ಈತನ ವಾದ: ಇಂಥ ಸನ್ನಿವೇಶದಲ್ಲಿಟ್ಟರೆ ಇಂಥವನು ಸ್ವಂತ ಇಚ್ಛೆಯಿಂದ ಏನು ಮಾಡುತ್ತಿದ್ದ ಎಂಬ ಅರಿವು. ಇದೇ ಮಧ್ಯಜ್ಞಾನ. ಇದಕ್ಕೆ ಪದೇ ಪದೇ ಕೊಡುತ್ತಿದ್ದ ಆಧಾರ ಬೈಬಲಿನ ಸಮುವೇಲನ ಮೊದಲ ಗ್ರಂಥದ 23ನೆಯ ಅಧ್ಯಾಯ. ಅರಸ ಸೌಲನಿಂದ ತಲೆತಪ್ಪಿಸಿಕೊಂಡು ಕೆಯೀಲಾ ಊರಿನಲ್ಲಿದ್ದ ದಾವೀದ, ಸೌಲ ಇಲ್ಲಿಗೆ ಬರುವನೇ, ಊರವರು ನನ್ನನ್ನು ಅವನ ಕೈಗೆ ಒಪ್ಪಿಸುವರೇ ಎಂದು ಕೇಳುತ್ತಾನೆ. ಎರಡಕ್ಕೂ ದೇವರು ಹೌದೆನ್ನುತ್ತಾನೆ. ದಾವೀದ ಊರು ಬಿಡುತ್ತಾನೆ. ಸೌಲ ಬರುವುದೂ ಇಲ್ಲ, ಊರವರು ಒಪ್ಪಿಸುವುದೂ ಇಲ್ಲ. ಹಾಗಾದರೆ ದೇವರಿಗೆ ತಿಳಿದಿದ್ದುದು ಎಂದೂ ನಡೆಯದ ಸಂಗತಿ. ಮೊಲಿನಾನ ಪ್ರಕಾರ ದೇವರು ಈ ಅರಿವನ್ನು ಮುಂದಿಟ್ಟುಕೊಂಡೇ ಸೃಷ್ಟಿಯನ್ನು ನಿರ್ಧರಿಸುತ್ತಾನೆ. ಹೀಗಾಗಿ ಲೋಕ ಆತನ ಹಿಡಿತದಲ್ಲೇ ಇರುತ್ತದೆ, ಮನುಷ್ಯನೂ ಸ್ವತಂತ್ರನಾಗಿರುತ್ತಾನೆ.

ಇನ್ನೊಂದು ಕ್ಯಾಥೊಲಿಕ್ ಸಂನ್ಯಾಸಿ ಪಂಥವಾದ ಡೊಮಿನಿಕನ್ನರು ಇದನ್ನು ಸಹಿಸಲಿಲ್ಲ. ಅವರ ಮುಂದಾಳು ಸಾಲಮಾಂಕಾದ ಡೊಮಿಂಗೊ ಬಾನ್ಯೆಸ್. ಆವಿಲಾದ ಸಂತ ತೆರೇಸಾ ಪಾಪನಿವೇದನೆ ಮಾಡುತ್ತಿದ್ದುದು ಈತನ ಬಳಿ. ಮನುಷ್ಯನ ಆಯ್ಕೆಯನ್ನು ನೋಡಿಕೊಂಡು ದೇವರು ನಿರ್ಧರಿಸುವುದಾದರೆ ದೇವರೇ ಮನುಷ್ಯನಿಗೆ ಅಧೀನನಾದಂತೆ, ಎಂದು ಬಾನ್ಯೆಸ್‌ನ ಆಕ್ಷೇಪ. ಕೃಪೆಯೇ ಇಚ್ಛೆಯನ್ನು ಮುಂಚಿತವಾಗಿ ಪ್ರೇರಿಸುತ್ತದೆ, ಆದರೂ ಇಚ್ಛೆ ಸ್ವತಂತ್ರವೇ ಎಂದು ಈತ ಪಟ್ಟುಹಿಡಿದ. ಆ ‘ಆದರೂ’ ಹೇಗೆಂಬುದನ್ನು ಮಾತ್ರ ಎದುರಾಳಿಗಳಿಗೆ ಮನಗಾಣಿಸಲಾಗಲಿಲ್ಲ. ಬಾನ್ಯೆಸ್ ಕ್ಯಾಲ್ವಿನ್ನನ ಶಿಷ್ಯನೆಂದು ಜೆಸುಯಿಟರು, ಮೊಲಿನಾ ಪೆಲಾಜಿಯಸ್‌ನ ಶಿಷ್ಯನೆಂದು ಡೊಮಿನಿಕನ್ನರು ಬೈದಾಡಿಕೊಂಡರು.

ಪೋಪ್ 8ನೆಯ ಕ್ಲೆಮೆಂಟ್ ಮೊಕದ್ದಮೆಯನ್ನು ರೋಮಿಗೆ ತರಿಸಿಕೊಂಡ. 1598ರಲ್ಲಿ ವಿಚಾರಣೆ ಶುರುವಾಯಿತು. 1602ರಿಂದ ಪೋಪನೇ ಅಧ್ಯಕ್ಷತೆಗೆ ಕುಳಿತ. ತೀರ್ಪಿಗೆ ಮೊದಲೇ, 1605ರಲ್ಲಿ, ಆತ ತೀರಿಕೊಂಡ. ಅಷ್ಟರಲ್ಲಿ ಮೊಲಿನಾ, ಬಾನ್ಯೆಸ್ ಇಬ್ಬರೂ ಇರಲಿಲ್ಲ. 5ನೆಯ ಪಾಲ್ 1607ರಲ್ಲಿ ಕಲಾಪ ಮುಗಿಸಿ, ಎರಡೂ ಪಂಥಗಳು ತಮ್ಮ ಮತವನ್ನು ಬೋಧಿಸಬಹುದು, ಒಬ್ಬರನ್ನೊಬ್ಬರು ಪಾಷಂಡಿಗಳೆನ್ನಬಾರದು ಎಂದು ವಿಧಿಸಿದ. ತೀರ್ಪನ್ನು ತಕ್ಕ ಸಮಯದಲ್ಲಿ ಪ್ರಕಟಿಸುವುದಾಗಿ ಹೇಳಿದ. ಅದು ಬರಲೇ ಇಲ್ಲ. ಗೆದ್ದವರಿಲ್ಲದ ಈ ನಿಲುಗಡೆ ಅಂದಿನ ಯುರೋಪಿನ ಮಟ್ಟಿಗೆ ಅಪರೂಪದ ವಿವೇಕ.

ಶತಮಾನಗಳ ಬಳಿಕ ಚರ್ಚೆ ಮತ್ತೆ ಎದ್ದಿತು. 1974ರಲ್ಲಿ ಅಮೆರಿಕದ ತತ್ತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ, ಒಳ್ಳೆಯ ದೇವರಿದ್ದೂ ಲೋಕದಲ್ಲಿ ಕೆಡುಕೇಕೆ ಎಂಬ ಸಮಸ್ಯೆಯನ್ನು ಚರ್ಚಿಸುತ್ತ ಮಧ್ಯಜ್ಞಾನಕ್ಕೆ ಹತ್ತಿರದ ವಿಚಾರಕ್ಕೇ ಬಂದು ಮುಟ್ಟಿದ. 1977ರಲ್ಲಿ ಇನ್ನೊಬ್ಬ ತತ್ತ್ವಜ್ಞಾನಿ ರಾಬರ್ಟ್ ಆಡಮ್ಸ್ ಹಳೆಯ ಆಕ್ಷೇಪವೊಂದನ್ನು ಹೊಸದಾಗಿ ಹರಿತಗೊಳಿಸಿದ: ಕೆಯೀಲಾದವರು ಮಾಡದೇ ಹೋದ ಕೆಲಸದ ಬಗೆಗಿನ ಹೇಳಿಕೆಯನ್ನು ನಿಜವಾಗಿಸುವುದು ಯಾವುದು? ಮೊಲಿನಾನ ಪಕ್ಷದವರು ಇದಕ್ಕೆ ಕೊಟ್ಟ ಉತ್ತರಗಳಲ್ಲಿ ಎಲ್ಲರೂ ಒಪ್ಪಿದ್ದು ಒಂದೂ ಇಲ್ಲ.